ಎರಡು ಚೀಲಕ್ಕೆ ಹಂಚಿದ ಕಾದಂಬರಿ

ಒಂದು ಪುಸ್ತಕವು ಒಂದೇ ವಿಷಯಕ್ಕೆ ಸೇರಿರತಕ್ಕದ್ದು, ಎರಡು ವಿಷಯಗಳಿಗೆ ಸೇರುವ ಪುಸ್ತಕವು ಎರಡಕ್ಕೂ ಸೇರತಕ್ಕದ್ದಲ್ಲ ಎಂಬ ನಿಯಮವು 1998ರ ನವೆಂಬರ್ ತಿಂಗಳವರೆಗೆ ಕಿಬ್ಬನಹಳ್ಳಿಯ ಸುತ್ತಮುತ್ತ ಯಾರಿಗೂ ತಿಳಿದಿರಲಿಲ್ಲ. ತಿಳಿಯದೆ ಇದ್ದದ್ದು ಜನರ ತಪ್ಪಲ್ಲ. ನಿಯಮ ಹುಟ್ಟಿದ್ದೇ ಆ ತಿಂಗಳಲ್ಲಿ. ಹುಟ್ಟಲು ಕಾರಣ ಅನುಪಮಾ ಎಂಬ ಹೆಣ್ಣುಮಗಳು ಕೊಟ್ಟ ಒಂದು ಅರ್ಜಿ.

ಅವಳು ಅರ್ಜಿ ಏಕೆ ಕೊಟ್ಟಳು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅನುಪಮಾಳ ಮಗಳು ಸ್ಪಂದನಳಿಗೆ ಆರನೇ ಕ್ಲಾಸು ಮುಗಿಯುವ ಹೊತ್ತಿಗೆ ಕೀಲುಜ್ವರ ಬಂದು ಎರಡೂ ಮಂಡಿ ಊದಿಕೊಂಡವು. ಒಂದು ವರ್ಷ ಬಸ್ಸು ಹತ್ತಬಾರದು, ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಬರೆದುಕೊಟ್ಟರು. ಅವರದು ಕಿಬ್ಬನಹಳ್ಳಿಯಿಂದ ಎರಡು ಮೈಲಿ ಒಳಗಿನ ತೋಟದ ಮನೆ. ಬಸ್ಸಿಲ್ಲದೆ ಸ್ಕೂಲಿಲ್ಲ. ಅನುಪಮಾ ಮದುವೆಗೆ ಮುಂಚೆ ಬಿ.ಎ. ಮುಗಿಸಿದ್ದವಳು. ಮನೆಯಲ್ಲೇ ಪಾಠ ಹೇಳಿ, ಮಾರ್ಚಿಯಲ್ಲಿ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಮಗಳನ್ನು ಖಾಸಗಿಯಾಗಿ ಕೂರಿಸುವುದೆಂದು ತೀರ್ಮಾನಿಸಿದಳು. ಪಾಸಾದರೆ ಸ್ಪಂದನ ತನ್ನ ಓರಗೆಯವರ ಜೊತೆಗೇ ಎಂಟನೇ ಕ್ಲಾಸಿಗೆ ಹೋಗುತ್ತಾಳೆ. ಇಲ್ಲವಾದರೆ ತಂಗಿಯರ ವಯಸ್ಸಿನವರ ಜೊತೆ ಕೂರಬೇಕು. ಸ್ಪಂದನ ಇದನ್ನು ಯೋಚಿಸಿ ಆಗಾಗ ಊಟ ಬಿಡುತ್ತಿದ್ದಳು. ಇಡೀ ವಿಷಯ ಇಷ್ಟೇ. ಉಳಿದದ್ದೆಲ್ಲ ಇದರ ಸುತ್ತ ನಡೆದದ್ದು.

ಚರಿತ್ರೆಯ ಪಠ್ಯಪುಸ್ತಕ ಎರಡನೇ ಪುಟಕ್ಕೆ ಹುಡುಗಿಯನ್ನು ಮಲಗಿಸುತ್ತಿತ್ತು. ಆದ್ದರಿಂದ ಅನುಪಮಾ ಒಂದು ಐತಿಹಾಸಿಕ ಕಾದಂಬರಿ ತಂದಳು. ಹೆಸರು 'ನವಿಲಗುಡ್ಡದ ನಾಯಕ'. ಬರೆದವರು ದಬ್ಬೇಘಟ್ಟದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಶ್ರೀರಂಗಯ್ಯನವರು. ಅಚ್ಚು ಹಾಕಿಸಿದ್ದು ಐನೂರು ಪ್ರತಿ, ಅದರಲ್ಲಿ ನಾನೂರ ಮೂವತ್ತು ಅವರ ಮನೆಯ ಅಟ್ಟದ ಮೇಲೆಯೇ ಇದ್ದವು. ಅಟ್ಟವೆಂದರೆ ಈ ಸೀಮೆಯಲ್ಲಿ ತೆಂಗಿನಕಾಯಿಗಳನ್ನು ವರ್ಷಗಟ್ಟಲೆ ಒಣಗಲು ಬಿಡುವ ಜಾಗ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಟಗಟ ಎನ್ನಬೇಕು. ಪುಸ್ತಕಗಳು ಅಲ್ಲಿ ಹನ್ನೊಂದು ವರ್ಷದಿಂದ ಇದ್ದವು.

ಕಾದಂಬರಿಯಲ್ಲಿ ನವಿಲಗುಡ್ಡದ ಪಾಳೆಯಗಾರನ ಮಣ್ಣಿನ ಕೋಟೆಗೆ ಶತ್ರುಗಳು ಮುತ್ತಿಗೆ ಹಾಕುತ್ತಾರೆ. ಪಾಳೆಯಗಾರನ ಸೊಸೆ ಹೊಂಬಾಳಮ್ಮ ಗುಡ್ಡದ ಮೇಲಿನಿಂದ ನಲವತ್ತು ಸಾವಿರ ತೆಂಗಿನಕಾಯಿ ಉರುಳಿಸಿ ಆನೆಗಳ ಕಾಲು ಮುರಿಯುತ್ತಾಳೆ. ಆದರೂ ದಳವಾಯಿ ಸಂಗಪ್ಪ ಲಂಚ ತಿಂದು ಹಿಂಬಾಗಿಲು ತೆರೆಯುತ್ತಾನೆ. ಕೋಟೆ ಬೀಳುತ್ತದೆ. ಅನುಪಮಾ ಒಂದು ಪದ್ಧತಿ ಮಾಡಿದ್ದಳು. ಪ್ರತಿ ಅಧ್ಯಾಯ ಮುಗಿದ ಮೇಲೆ ಲೈಬ್ರರಿಯಿಂದ ತಂದ ಶಾಸನಗಳ ಪುಸ್ತಕದ ಜೊತೆ ಹೋಲಿಸಿ, ಸಾಕ್ಷಿ ಇರುವುದನ್ನು ನೋಟ್‌ಬುಕ್ಕಿನಲ್ಲಿ ನೀಲಿ ಇಂಕಿನಲ್ಲಿ, ಬರೆದವರು ಕಲ್ಪಿಸಿಕೊಂಡದ್ದನ್ನು ಕೆಂಪು ಇಂಕಿನಲ್ಲಿ ಬರೆಯಬೇಕು. ದಳವಾಯಿ ಸಂಗಪ್ಪನ ದ್ರೋಹ ಗುಡ್ಡದ ಬುಡದ ಕಲ್ಲಿನಲ್ಲಿ ಹೆಸರು ಸಮೇತ ಕೆತ್ತಿತ್ತು. ಅದು ನೀಲಿಯಾಯಿತು.

"ಹೊಂಬಾಳಮ್ಮಂದು ಕೆಂಪು ಕಣಮ್ಮ" ಎಂದಳು ಸ್ಪಂದನ. "ಗುಡ್ಡದ ಮೇಲೆ ಕುಡಿಯೋಕೇ ನೀರಿರಲಿಲ್ಲ ಅಂತ ಅವರೇ ನಾಲ್ಕನೇ ಅಧ್ಯಾಯದಲ್ಲಿ ಬರ್ದವ್ರೆ. ನಲವತ್ತು ಸಾವಿರ ಕಾಯಿ ಎಲ್ಲಿಂದ ಬಂತು? ಕಲ್ಲಲ್ಲಿ ನೋಡಿದ್ರೆ ರಾಗಿ, ಹುರುಳಿ ಬಿಟ್ಟು ಇನ್ನೇನೂ ಇಲ್ಲ."

"ಸರಿ, ಕೆಂಪಲ್ಲೇ ಬರಿ."

"ಸುಳ್ಳು ಅಂತ ಗೊತ್ತಿದ್ರೂ ಅಲ್ಲಿ ಅಳು ಬಂತು."

"ಅದು ಸಾಹಿತ್ಯ ಕಣೇ. ಸುಳ್ಳು ಅಂತ ಗೊತ್ತು ಮಾಡ್ಕೊಂಡ್ಯಲ್ಲ, ಅದು ಚರಿತ್ರೆ."

ಸ್ಪಂದನ ಇದನ್ನೂ ಬರೆದುಕೊಂಡಳು, ನೀಲಿಯಲ್ಲಿ.

ಮನೆಯಲ್ಲಿ ಓದಿದ ಮಕ್ಕಳಿಗೆ ಹಾಲ್ ಟಿಕೆಟ್ ಸಿಗಬೇಕಾದರೆ ಗೃಹಪಾಠ ಪರಿಶೀಲನಾ ಕೋಶ ಎಂಬ ಕಚೇರಿಯ ಒಪ್ಪಿಗೆ ಬೇಕಿತ್ತು. ಕಚೇರಿ ಇದ್ದದ್ದು ತಿಪಟೂರಿನಲ್ಲಿ, ವೀರಭದ್ರಯ್ಯ ಎಂಬ ಕೊಬ್ಬರಿ ವರ್ತಕರ ಗೋದಾಮಿನ ಮಹಡಿಯಲ್ಲಿ. ಇಪ್ಪತ್ತೆರಡು ಮೆಟ್ಟಿಲು. ಕೋಶದ ಅಧೀಕ್ಷಕರು ದಯಾನಂದ ಎಂಬುವರು. ಕೊಬ್ಬರಿಯ ವಾಸನೆಗೆ ಅಲ್ಲಿನ ಕಡತಗಳಿಗೂ ಇರುವೆ ಮುತ್ತುತ್ತಿದ್ದವು.

"ಮಗು ಎಲ್ಲಿ?" ಎಂದು ಅರ್ಜಿ ತಂದ ಅನುಪಮಾಳನ್ನು ದಯಾನಂದರು ಕೇಳಿದರು.

"ಮೆಟ್ಟಿಲು ಹತ್ತಬಾರದು ಸಾರ್. ಅದಕ್ಕೇ ಡಾಕ್ಟರ ಸರ್ಟಿಫಿಕೇಟ್ ತಂದಿದೀನಿ."

"ಸರ್ಟಿಫಿಕೇಟು ಅಭ್ಯರ್ಥೀನೇ ಖುದ್ದಾಗಿ ತಂದು ಕೊಡಬೇಕು ಕಣಮ್ಮ."

ಅನುಪಮಾಳ ಗಂಡ ಬೀರೇಶ್ ಮಗಳನ್ನು ಬಾಡಿಗೆ ಕಾರಿನಲ್ಲಿ ಕರೆತಂದು, ಬೆನ್ನ ಮೇಲೆ ಹೊತ್ತು ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿದ. ತಾನು ಮೆಟ್ಟಿಲು ಹತ್ತಬಾರದು ಎಂಬ ಸರ್ಟಿಫಿಕೇಟನ್ನು ಸ್ಪಂದನ ಖುದ್ದಾಗಿ ಕೊಟ್ಟಳು. ಸ್ವೀಕೃತಿಯ ಮೊಹರು ಬಿತ್ತು. ಆಮೇಲೆ ದಯಾನಂದರು ಅರ್ಜಿಯ ಜೊತೆ ಇಟ್ಟಿದ್ದ ಕಾದಂಬರಿಯನ್ನು ಎತ್ತಿ ಹಿಂದೆ ಮುಂದೆ ನೋಡಿದರು.

"ಇದು ಯಾವ ವಿಷಯಕ್ಕೆ?"

"ಎರಡಕ್ಕೂ ಸಾರ್. ಕನ್ನಡಕ್ಕೂ ಆಗುತ್ತೆ, ಚರಿತ್ರೆಗೂ ಆಗುತ್ತೆ" ಎಂದಳು ಅನುಪಮಾ.

"ಫಾರಂನಲ್ಲಿ ಒಂದೇ ಗೆರೆ ಇದೆಯಲ್ಲಮ್ಮ."

ಅವರು ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಒಂದೇ ಗೆರೆ ಇತ್ತು. ಹದಿನೈದು ದಿನ ಯೋಚಿಸಿ ಅವರು ಈ ಕೆಳಗಿನ ಸುತ್ತೋಲೆ ಹೊರಡಿಸಿದರು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಐತಿಹಾಸಿಕ ಕಾದಂಬರಿ ಎಂಬ ಮಿಶ್ರ ಪದಾರ್ಥವನ್ನು ಬೇರ್ಪಡಿಸದ ಹೊರತು ಮಕ್ಕಳಿಗೆ ನೀಡುವಂತಿಲ್ಲ. ಸದರಿ ಪುಸ್ತಕದಲ್ಲಿನ ನಿಜವನ್ನು ಚರಿತ್ರೆಗೂ, ಸುಳ್ಳನ್ನು ಸಾಹಿತ್ಯಕ್ಕೂ ವಿಂಗಡಿಸಲು ಸಮಿತಿಯನ್ನು ರಚಿಸಲಾಗಿದೆ. ವಿಂಗಡಣೆಯ ಕಾಲದಲ್ಲಿ ಆಗುವ ತೂಕದ ನಷ್ಟಕ್ಕೆ ಕೋಶವು ಜವಾಬ್ದಾರಿಯಲ್ಲ."

ವಿಂಗಡಿಸುವ ಕೆಲಸ ಯಾರಿಗೆ ಗೊತ್ತು ಎಂದು ಹುಡುಕಲು ದಯಾನಂದರು ದೂರ ಹೋಗಬೇಕಾಗಲಿಲ್ಲ. ಅವರ ಕಾಲ ಕೆಳಗೇ ದಿನಾ ಅದೇ ನಡೆಯುತ್ತಿತ್ತು. ಗೋದಾಮಿಗೆ ಬಂದ ಕೊಬ್ಬರಿಯಲ್ಲಿ ಒಳ್ಳೆಯದು ಒಂದು ಚೀಲಕ್ಕೆ, ಕೌಟು ಹಿಡಿದದ್ದು ಇನ್ನೊಂದು ಚೀಲಕ್ಕೆ. ಆದ್ದರಿಂದ ವೀರಭದ್ರಯ್ಯನವರು ಸಮಿತಿಯ ಅಧ್ಯಕ್ಷರಾದರು. ಅವರ ಗೋದಾಮಿನಲ್ಲಿ ಮೂವತ್ತೈದು ವರ್ಷ ಕೊಬ್ಬರಿ ಆರಿಸಿದ್ದ ಚಿಕ್ಕಗಂಗಮ್ಮ ತಾಂತ್ರಿಕ ಸದಸ್ಯೆಯಾದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಓದು ಬಾರದವರು ಪುಸ್ತಕದ ವಿಷಯದಲ್ಲಿ ಪಕ್ಷಪಾತ ಮಾಡಲಾರರು ಎಂದು ಆದೇಶದಲ್ಲೇ ನಮೂದಾಗಿತ್ತು.

ಮೊದಲನೇ ಸಭೆಯಲ್ಲಿ ಕಾದಂಬರಿಯ ಹೊಲಿಗೆ ಬಿಚ್ಚಿ ಹಾಳೆ ಹಾಳೆ ಮಾಡಲಾಯಿತು. ಎರಡು ಗೋಣಿಚೀಲ ತಂದು, ಕೊಬ್ಬರಿ ಚೀಲಕ್ಕೆ ಗುರುತು ಹಾಕುವ ಮಸಿಯಲ್ಲಿ ಒಂದರ ಮೇಲೆ 'ಚ', ಇನ್ನೊಂದರ ಮೇಲೆ 'ಸಾ' ಎಂದು ಬರೆದರು. ದಯಾನಂದರು ಓದುವುದು, ಅಧ್ಯಕ್ಷರು ಹೇಳುವುದು, ಚಿಕ್ಕಗಂಗಮ್ಮ ಚೀಲಕ್ಕೆ ಹಾಕುವುದು. ಅನುಪಮಾ ಅರ್ಜಿದಾರಳಾದ್ದರಿಂದ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂರಬಹುದಿತ್ತು.

ಒಂದು ತೊಡಕು ಮೊದಲ ಹಾಳೆಗೇ ಬಂತು. ಹಾಳೆಗೆ ಎರಡು ಮಗ್ಗುಲು ಇರುತ್ತವೆ ಎಂಬುದನ್ನು ಸುತ್ತೋಲೆ ಗಮನಿಸಿರಲಿಲ್ಲ. ಮುಂದಿನ ಮಗ್ಗುಲು ಯಾವ ಚೀಲವೋ ಹಿಂದಿನ ಮಗ್ಗುಲೂ ಅದೇ ಚೀಲವೆಂದು ಅಲ್ಲಿಯೇ ತಿದ್ದುಪಡಿ ಆಯಿತು. ಇದರಿಂದ ಪಾಳೆಯಗಾರ ಚರಿತ್ರೆಯಲ್ಲಿ ಎಂಬತ್ತೇಳನೇ ಪುಟಕ್ಕೆ ಸತ್ತು, ಸಾವಿನ ಹಾಳೆ ಇಲ್ಲದ ಸಾಹಿತ್ಯದಲ್ಲಿ ಎಂಬತ್ತಾರನೇ ಪುಟದ ಮುದ್ದೆ ಉಣ್ಣುತ್ತಾ ಉಳಿದ.

ದಳವಾಯಿ ಸಂಗಪ್ಪ ಹಿಂಬಾಗಿಲು ತೆರೆಯುವ ಹಾಳೆ ಬಂದಾಗ ವೀರಭದ್ರಯ್ಯನವರು ಕೈ ಎತ್ತಿ ಓದನ್ನು ನಿಲ್ಲಿಸಿದರು.

"ಸಂಗಪ್ಪ ಅಂದ್ರೆ ನಮ್ಮ ಮುತ್ತಜ್ಜನ ಮುತ್ತಜ್ಜ ಕಣಪ್ಪ. ನಮ್ಮನೇನ ಇವತ್ತಿಗೂ ದಳವಾಯಿ ಮನೆ ಅಂತಾರೆ. ಇದು ಸಾಹಿತ್ಯ."

ಅನುಪಮಾ ಸ್ಟೂಲಿನಿಂದ ಎದ್ದಳು. "ಅದು ಕಲ್ಲಿನ ಮೇಲೇ ಕೆತ್ತಿದೆ ಸ್ವಾಮಿ. ಇಡೀ ಪುಸ್ತಕದಲ್ಲಿ ಗ್ಯಾರಂಟಿಯಾಗಿ ನಿಜ ಅನ್ನೋದು ಅದೊಂದೇ."

"ಕಾದಂಬರಿ ಬರೆದೋನಿಗೂ ಕೈ ಇದೆ, ಕಲ್ಲು ಕೆತ್ತಿದೋನಿಗೂ ಕೈ ಇತ್ತಲ್ಲ ತಾಯಿ. ಕಾಗದದ ಮೇಲಾದ್ರೆ ಸುಳ್ಳು ಬರೀಬೋದು, ಕಲ್ಲಿನ ಮೇಲೆ ಬರೀಬಾರದು ಅಂತ ಏನಾದ್ರೂ ರೂಲ್ಸಿದೆಯಾ ದಯಾನಂದ?"

ದಯಾನಂದರು ನಿಯಮಾವಳಿ ತಿರುವಿ ನೋಡಿ ಇಲ್ಲವೆಂದರು. ಹಾಳೆ 'ಸಾ' ಚೀಲಕ್ಕೆ ಬಿತ್ತು.

ಹೊಂಬಾಳಮ್ಮನ ಅಧ್ಯಾಯಕ್ಕೆ ಎರಡು ಸಭೆ ಹಿಡಿಯಿತು. ನಡೆಯಿತೋ ಇಲ್ಲವೋ ಎಂಬ ಚರ್ಚೆಗಲ್ಲ. ಈ ಸೀಮೆಯಲ್ಲಿ ತೆಂಗು ಇರಲಿಲ್ಲ ಎಂದು ಹೇಳುವ ಧೈರ್ಯ ಯಾವ ಕಚೇರಿಗೂ ಇರುವುದಿಲ್ಲ. ಚರ್ಚೆ ನಡೆದದ್ದು ಕಾಯಿಗಳು ಸಿಪ್ಪೆ ಸಮೇತವೋ, ಸುಲಿದವೋ ಎಂಬುದರ ಮೇಲೆ. ಸುಲಿದ ಕಾಯಿ ಉರುಳಿದರೆ ಅರ್ಧ ದಾರಿಯಲ್ಲೇ ಒಡೆಯುತ್ತದೆ, ಒಣಗಿದ ಕಾಯಿ ಆನೆಯ ಕಾಲಿಗೆ ತಾಕಿದರೂ ನೋವಾಗುವುದಿಲ್ಲ, ಆದ್ದರಿಂದ ನೀರುಗಾಯಿ, ಸಿಪ್ಪೆ ಸಮೇತ ಎಂದು ವೀರಭದ್ರಯ್ಯನವರು ಅನುಭವದಿಂದ ಹೇಳಿದರು. ನಲವತ್ತು ಸಾವಿರ ಹಿಡಿಸುವಷ್ಟು ಅಟ್ಟ ಕೋಟೆಯಲ್ಲಿ ಇತ್ತೇ ಎಂದು ದಯಾನಂದರು ಕೇಳಿದ್ದಕ್ಕೆ, ನಮ್ಮ ಮನೆಯ ಅಟ್ಟವೇ ಅಷ್ಟು ಹಿಡಿಸುತ್ತದೆ, ಪಾಳೆಯಗಾರನದು ಕಡಿಮೆ ಇರುತ್ತದೆಯೇ ಎಂದರು. ಇದನ್ನು ಪುರಾವೆ ಒಂದು ಎಂದು ದಾಖಲಿಸಲಾಯಿತು.

ಚಿಕ್ಕಗಂಗಮ್ಮ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಅಲ್ಲ ಬುದ್ದಿ, ನಲವತ್ತು ಸಾವ್ರ ಕಾಯಿ ಉಳ್ಳುಸ್ಬುಟ್ಳಲ್ಲ, ಆಮೇಲೆ ಆಯ್ಕಂಡೋರು ಯಾರು?"

"ಏನಂದೆ?" ಎಂದರು ವೀರಭದ್ರಯ್ಯನವರು.

"ಯಾರೋ ಆಯ್ಕಂಡಿರ್ಬೇಕಲ್ಲ. ಗುಡ್ಡದ ಬುಡದಾಗೇ ಬುಟ್ಟುಬುಟ್ಟಾರಾ? ನಮ್ಮಂತೋರೇ ಆಯ್ದಿರ್ತಾರೆ. ಅವ್ರ ಹೆಸ್ರು ಬರ್ದವ್ರಾ ಅಂತ ಕೇಳ್ದೆ."

"ಅದೆಲ್ಲ ಬರೆಯೋದಿಲ್ಲ ಕಣಮ್ಮ. ನೀನು ಹಾಕು."

"ಯಾವುದುಕ್ಕೆ?"

"ಚರಿತ್ರೆಗೆ."

ಅನುಪಮಾಳಿಗೆ ಇನ್ನೊಂದು ದಾರಿ ಹೊಳೆಯಿತು. ಬರೆದವರನ್ನೇ ಕರೆತಂದರೆ ವಿಷಯ ಮುಗಿಯುತ್ತದಲ್ಲ. ಮುಂದಿನ ಸಭೆಗೆ ಶ್ರೀರಂಗಯ್ಯನವರನ್ನು ದಬ್ಬೇಘಟ್ಟದಿಂದ ಬಸ್ಸಿನಲ್ಲಿ ಕರೆದುಕೊಂಡು ಬಂದಳು. ತಮ್ಮ ಪುಸ್ತಕ ಎರಡು ಗೋಣಿಚೀಲದಲ್ಲಿ ಇರುವುದನ್ನು ಅವರು ನೋಡಿದರು. ಇಷ್ಟು ಜನ ಸೇರಿ ಅದನ್ನು ಓದಿದ್ದು ಅದೇ ಮೊದಲು.

"ಹೊಂಬಾಳಮ್ಮ ಅನ್ನೋದು ನಮ್ಮತ್ತೆ ಹೆಸರು ಕಣ್ರೀ" ಎಂದರು. "ಮಹಾ ಜೋರಿನ ಹೆಂಗಸು. ಒಂದ್ಸಲ ಅಟ್ಟದ ಮೇಲಿಂದ ನನ್ನ ಮೇಲೆ ಕಾಯಿ ಎಸೆದಿದ್ರು. ಅದನ್ನೇ ಸ್ವಲ್ಪ ಬೆಳೆಸಿ ಬರೆದೆ. ಸಂಗಪ್ಪಂದು ಮಾತ್ರ ಕಲ್ಲು ನೋಡೇ ಬರೆದದ್ದು." ಇದನ್ನೇ ಕಾಗದದಲ್ಲಿ ಬರೆದು ಸಹಿ ಮಾಡಿ ಕೊಟ್ಟರು.

ದಯಾನಂದರು ಕಾಗದವನ್ನು ಎರಡು ಸಲ ಓದಿದರು. "ತಮ್ಮ ಉದ್ಯೋಗ?"

"ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಈಗ ಕಾದಂಬರಿಕಾರ."

"ಕಾದಂಬರಿಕಾರರು ಬರೆದದ್ದು ಸಾಹಿತ್ಯವಲ್ಲವೇ?"

"ಹೌದು ಮತ್ತೆ."

ದಯಾನಂದರು ಕಾಗದವನ್ನು ಚಿಕ್ಕಗಂಗಮ್ಮನ ಕೈಗೆ ಕೊಟ್ಟರು. ಅವಳಿಗೆ ಈಗ ಯಾರೂ ಹೇಳಬೇಕಾಗಿರಲಿಲ್ಲ, 'ಸಾ' ಚೀಲಕ್ಕೆ ಹಾಕಿದಳು.

ಶ್ರೀರಂಗಯ್ಯನವರ ಮುಖ ಸಪ್ಪಗಾದದ್ದನ್ನು ಕಂಡು ವೀರಭದ್ರಯ್ಯನವರು ಕಾಫಿ ತರಿಸಿದರು. ಚರಿತ್ರೆಯ ಚೀಲಕ್ಕೆ ಅನುಮೋದನೆ ಸಿಕ್ಕರೆ ಮೂರು ತಾಲ್ಲೂಕಿನ ಸ್ಕೂಲುಗಳಿಗೂ ಪುಸ್ತಕ ಬೇಕಾಗುತ್ತದೆ, ಅಟ್ಟದ ಮೇಲಿರುವ ನಾನೂರ ಮೂವತ್ತು ಸಾಲುವುದಿಲ್ಲ ಎಂದರು. ಶ್ರೀರಂಗಯ್ಯನವರು ಕಾಫಿ ಕುಡಿದು ಲೋಟ ಕೆಳಗಿಟ್ಟರು.

"ಈಗ ಜ್ಞಾಪಿಸಿಕೊಂಡರೆ," ಎಂದರು, "ನಮ್ಮತ್ತೆಯೋರು ಆ ಗುಡ್ಡದ ಕಡೆಯೋರೇ. ಅವರ ವಂಶದಲ್ಲಿ ಕಾಯಿ ಎಸೆಯೋದು ಹಿಂದಿನಿಂದ ಬಂದಿರಬೇಕು."

ಸಭೆ ಮುಗಿದ ಮೇಲೆ ಅನುಪಮಾ ಅವರನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟಳು. ಬಸ್ಸು ಹತ್ತುವಾಗ ಅವರು, "ನಿಮ್ಮ ಮಗು ಹೊಂಬಾಳಮ್ಮನ ಅಧ್ಯಾಯ ಓದಿ ಅತ್ತಳಂತಲ್ಲ, ಹೌದೇನಮ್ಮ?" ಎಂದು ಕೇಳಿದರು. ಹೌದೆಂದಳು. "ಸಾಕು ಬುಡಮ್ಮ" ಎಂದು ಹತ್ತಿ ಕೂತರು.

ಫೆಬ್ರವರಿಯಲ್ಲಿ ಕೋಶವು ಸ್ಪಂದನಳಿಗೆ ಪರಿಶೀಲನಾ ಪರೀಕ್ಷೆ ಇಟ್ಟಿತು. ಪಾಸಾದರೆ ಹಾಲ್ ಟಿಕೆಟ್. ಹುಡುಗಿಯನ್ನು ಮತ್ತೆ ಮತ್ತೆ ಹೊತ್ತು ಹತ್ತಿಸುವುದು ಬೇಡವೆಂದು ದಯಾನಂದರೇ ದೊಡ್ಡ ಮನಸ್ಸು ಮಾಡಿ ಒಂದು ಆದೇಶ ಮಾಡಿದರು: ಸದರಿ ದಿನ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಗೋದಾಮಿನ ನೆಲವನ್ನು ಮಹಡಿಯೆಂದು ಭಾವಿಸತಕ್ಕದ್ದು. ಸ್ಪಂದನ ಕೊಬ್ಬರಿ ಚೀಲಗಳ ನಡುವೆ ಕುಳಿತು ಬರೆದಳು. ಹೊಂಬಾಳಮ್ಮ ಎಷ್ಟು ಕಾಯಿ ಉರುಳಿಸಿದಳು ಎಂಬ ಚರಿತ್ರೆಯ ಪ್ರಶ್ನೆಗೆ, ಒಂದೂ ಇಲ್ಲ, ಅದು ಲೇಖಕರ ಕಲ್ಪನೆ, ಆದರೆ ಚೆನ್ನಾಗಿದೆ ಎಂದು ಬರೆದಳು. ದಳವಾಯಿ ಸಂಗಪ್ಪನೆಂಬ ಕಾಲ್ಪನಿಕ ಪಾತ್ರವನ್ನು ವಿವರಿಸಿ ಎಂಬ ಸಾಹಿತ್ಯದ ಪ್ರಶ್ನೆಗೆ, ಅವನು ಕಾಲ್ಪನಿಕನಲ್ಲ, ಕಲ್ಲಿನ ಆರನೇ ಸಾಲು ನೋಡಿ ಎಂದು ಬರೆದಳು.

ಎರಡರಲ್ಲೂ ಸೊನ್ನೆ ಬಂತು. ಷರಾ ಹೀಗಿತ್ತು: "ಅಭ್ಯರ್ಥಿಯು ಚೆನ್ನಾಗಿ ಓದಿಕೊಂಡಿರುವುದು ಕಂಡುಬರುತ್ತದೆ. ಆದರೆ ಚೀಲ ಅದಲು ಬದಲಾಗಿದೆ. ಶನಿವಾರ ಕೊನೆಯ ಅವಕಾಶ."

ಶುಕ್ರವಾರ ಮಧ್ಯಾಹ್ನ ತಾಯಿ ಮಗಳು ಜಗಲಿಯ ಮೇಲೆ ಕೂತಿದ್ದರು. ಸ್ಪಂದನ ತಟ್ಟೆಯನ್ನು ಪಕ್ಕಕ್ಕೆ ಸರಿಸಿಟ್ಟಿದ್ದಳು. ಅನುಪಮಾ ಒಂದು ವರ್ಷ ಹೇಳಿಕೊಟ್ಟದ್ದರಲ್ಲಿ ಮಗಳಿಗೆ ಚೆನ್ನಾಗಿ ನಾಟಿದ್ದು ಒಂದೇ ಒಂದು. ಅದನ್ನು ನಾಳೆ ಎರಡು ಗಂಟೆ ಹೊತ್ತು ಮರೆ ಎಂದು ಅವಳೇ ಹೇಳಬೇಕಾಗಿತ್ತು. ಮಗಳ ಮಂಡಿ ನೋಡಿದಳು. ಊತ ಪೂರ್ತಿ ಇಳಿದಿತ್ತು. ಜೂನ್ ಹೊತ್ತಿಗೆ ಬಸ್ಸು ಹತ್ತಬಹುದಿತ್ತು.

"ನಲವತ್ತು ಸಾವಿರ ಅಂತ ಬರೆದುಬಿಡು ಕಣೇ."

ಸ್ಪಂದನ ತಾಯಿಯ ಮುಖ ನೋಡಿದಳು. ಜಗಳವಾಡಲಿಲ್ಲ. ಆಡಿದ್ದರೆ ಅನುಪಮಾಳಿಗೆ ಸುಲಭವಾಗುತ್ತಿತ್ತು.

"ಕೆಂಪಲ್ಲಿ ಬರೀಲಾ?"

"ಪರೀಕ್ಷೇಲಿ ನೀಲಿ ಇಂಕು ಮಾತ್ರ ಬಿಡೋದು."

ಹುಡುಗಿ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಅನ್ನ ಕಲಸಿದಳು. "ಸಿಪ್ಪೆ ಸಮೇತ ಅಂತಾನೂ ಬರೀಬೇಕಾ?"

"ಬರಿ. ಅದಕ್ಕೆ ಎರಡು ಸಭೆ ಕೂತವ್ರೆ."

ಶನಿವಾರ ಬರೆದದ್ದಕ್ಕೆ ಸೋಮವಾರವೇ ಫಲಿತಾಂಶ ಬಂತು. ಚರಿತ್ರೆಯಲ್ಲಿ ಐವತ್ತಕ್ಕೆ ಐವತ್ತು, ಸಾಹಿತ್ಯದಲ್ಲಿ ಐವತ್ತಕ್ಕೆ ನಲವತ್ತೊಂಬತ್ತು. ಸಂಗಪ್ಪನ ಪಾತ್ರ ಸ್ವಲ್ಪ ಹೆಚ್ಚೇ ಸಹಜವಾಗಿ ಮೂಡಿದೆ ಎಂದು ಒಂದು ಅಂಕ ಕಳೆದಿದ್ದರು. ಜೊತೆಗೆ ಹಾಲ್ ಟಿಕೆಟ್. ವೀರಭದ್ರಯ್ಯನವರು ಹುಡುಗಿಗೆ ಒಂದು ಗಿಟುಕು ಕೊಬ್ಬರಿ ಕೊಟ್ಟು, "ಜಾಣೆ ಕಣವ್ವ, ಮೊದಲನೇ ಸಲವೇ ಇಂಗೆ ಬರ್ದಿದ್ರೆ ಆಗ್ತಿತ್ತಲ್ಲ" ಎಂದು ತಲೆ ಸವರಿದರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಆ ಸಂಜೆ ಸ್ಪಂದನ ನೋಟ್‌ಬುಕ್ಕಿನಲ್ಲಿ ಅಂಕಗಳನ್ನು ಬರೆದುಕೊಳ್ಳುತ್ತಿದ್ದದ್ದನ್ನು ಅನುಪಮಾ ನೋಡಿದಳು. ಅಂಕಗಳನ್ನು ಕೆಂಪು ಇಂಕಿನಲ್ಲಿ ಬರೆಯುತ್ತಿದ್ದಳು.

"ಅಲ್ಲೇ, ಐವತ್ತಕ್ಕೆ ಐವತ್ತು ಬಂದದ್ದು ನಿಜ ತಾನೆ? ಕೆಂಪಲ್ಲಿ ಯಾಕೆ?"

"ಅವರೂ ಕೆಂಪಲ್ಲೇ ಕೊಟ್ಟವ್ರಲ್ಲಮ್ಮ" ಎಂದು ಸ್ಪಂದನ ಉತ್ತರಪತ್ರಿಕೆ ತೋರಿಸಿದಳು. ಅಂಕಗಳನ್ನು ಎಲ್ಲ ಕಡೆಯೂ ಕೆಂಪು ಇಂಕಿನಲ್ಲಿಯೇ ಹಾಕುತ್ತಾರೆ. ಅನುಪಮಾಳಿಗೆ ಇದು ಮೊದಲಿಂದ ಗೊತ್ತಿತ್ತು, ಆದರೆ ಗಮನಿಸಿರಲಿಲ್ಲ.

ಮಾರ್ಚಿಯ ಪರೀಕ್ಷೆಯಲ್ಲಿ ಸ್ಪಂದನ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ನವಿಲಗುಡ್ಡದ ಬುಡದಲ್ಲಿ ಈಗ, ಹೊಂಬಾಳಮ್ಮ ಕಾಯಿ ಉರುಳಿಸಿದ ಸ್ಥಳ ಎಂದು ಬರೆದ ಒಂದು ಹಸಿರು ಬೋರ್ಡು ಇದೆ. ಅದು ಹಳೆಯ ಕಲ್ಲಿಗೆ ಸರಿಯಾಗಿ ಅಡ್ಡ ನಿಂತಿದೆ. ಬೋರ್ಡು ನೆಡಲು ಗಟ್ಟಿ ಜಾಗ ಅದೊಂದೇ ಇದ್ದದ್ದು. ಮೇ ತಿಂಗಳಲ್ಲಿ ಮೂರು ತಾಲ್ಲೂಕಿನ ಬೆಳೆಗಾರರು ಸೇರಿ ಅವಳ ನೆನಪಿಗೆ ಗುಡ್ಡದ ಮೇಲಿನಿಂದ ನಾನೂರು ಕಾಯಿ, ಸಿಪ್ಪೆ ಸಮೇತ, ಉರುಳಿಸಿದರು. ಚಿಕ್ಕಗಂಗಮ್ಮ ಮತ್ತು ಇನ್ನು ಐದು ಜನ ಹೆಂಗಸರು ಅವನ್ನು ಆಯ್ದರು. ಹೆಸರು ಬರೆದುಕೊಂಡವರಿಲ್ಲ.

ಜೂನ್‌ನಲ್ಲಿ ಸ್ಪಂದನ ಓರಗೆಯವರ ಜೊತೆ ಎಂಟನೇ ಕ್ಲಾಸಿಗೆ ಸೇರಿದಳು. ಚರಿತ್ರೆಯ ಚೀಲ ಅಷ್ಟರಲ್ಲಿ ಸ್ಕೂಲುಗಳ ಪಾಠವಾಗಿತ್ತು, ಮೊದಲ ದಿನವೇ ಮೇಷ್ಟ್ರು ಹೊಂಬಾಳಮ್ಮನ ಪ್ರಶ್ನೆ ಕೇಳಿದರು. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಸ್ಪಂದನ.

ಆಗಿನಿಂದ ಸ್ಪಂದನಳ ಆ ನೀಲಿ-ಕೆಂಪು ನೋಟ್‌ಬುಕ್ಕಿಗೆ ವರ್ಷಕ್ಕೆ ಒಂದು ನೀಲಿ ರೀಫಿಲ್ಲು ಸಾಕಾಗುತ್ತಿದೆ. ಕೆಂಪು ಮಾತ್ರ ತಿಂಗಳಿಗೆ ಎರಡು ಬೇಕು. ಕಿಬ್ಬನಹಳ್ಳಿಯ ಅಂಗಡಿಯವನು ಒಂದು ದಿನ ಬೀರೇಶನನ್ನು, "ಅನುಪಮಕ್ಕಂಗೆ ಮೇಷ್ಟ್ರ ಕೆಲ್ಸ ಸಿಕ್ತೇನಣ್ಣ, ಪೇಪರ್ ತಿದ್ದೋಕಾ ಇಷ್ಟೊಂದು ಕೆಂಪು?" ಎಂದು ಕೇಳಿದ.

"ಹೂಂ ಕಣಪ್ಪ, ಅದುಕ್ಕೇ" ಎಂದು ಬೀರೇಶ್ ರೀಫಿಲ್ಲು ಜೇಬಿಗೆ ಹಾಕಿಕೊಂಡ.